ವಿದೇಶದವರಿಗೆ ಟ್ಯಾಕ್ಸಿಯವರು ಹತ್ತು ಪಟ್ಟು ಹೇಳಿದರೆ ನಾವು ಸುಮ್ನಿರಬೇಕಾ?

ಡೊಂಬಿವಲಿ ಲೋಕಲ್

ಮುಂಬೈ ಕನ್ನಡಿಗರೇ, ನಿಮ್ಮ ಅಭಿಪ್ರಾಯ ಬೇಕು. ನಮ್ಮ ಆಫೀಸು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನಲ್ಲಿ, ಅಂದರೆ ಬಿಕೆಸಿಯಲ್ಲಿದೆ. ಹೊರದೇಶದಿಂದ ಯಾರೇ ಬಂದರೂ ಅವರ ಹೋಟೆಲು, ಓಡಾಟ ನೋಡಿಕೊಳ್ಳುವ ಕೆಲಸ ನನ್ನ ತಲೆಗೇ ಬರುತ್ತದೆ. ಈಚೆಗೆ ಜರ್ಮನಿಯಿಂದ ಒಬ್ಬರು ಬಂದರು. ಏರ್‌ಪೋರ್ಟಿನ ಎರಡನೇ ಟರ್ಮಿನಲ್ (ಟಿ-2) ಇಂದ ಬಿಕೆಸಿಯ ಹೋಟೆಲಿಗೆ ಟ್ಯಾಕ್ಸಿಯವನು 1,800 ರೂಪಾಯಿ ತೆಗೆದುಕೊಂಡಿದ್ದಾನೆ. ಹೆಚ್ಚೆಂದರೆ ಎಂಟೊಂಬತ್ತು ಕಿಲೋಮೀಟರ್ ದಾರಿ.

ಲೆಕ್ಕ ಹಾಕಿ ನೋಡಿ. ಕಪ್ಪು-ಹಳದಿ ಬಣ್ಣದ ಕಾಲಾಪೀಲಿ ಟ್ಯಾಕ್ಸಿಗೆ 2025ರ ಫೆಬ್ರವರಿ 1ರಿಂದ ಮೊದಲ ಒಂದೂವರೆ ಕಿಲೋಮೀಟರಿಗೆ 31 ರೂಪಾಯಿ. ಆಮೇಲೆ ಕಿಲೋಮೀಟರಿಗೆ 20.66. ಅಂದರೆ ಮೀಟರ್ ಪ್ರಕಾರ ಇನ್ನೂರರ ಆಸುಪಾಸು. ರಾತ್ರಿ 12ರಿಂದ ಬೆಳಗಿನ 5ರವರೆಗೆ ಕಾಲು ಭಾಗ ಜಾಸ್ತಿ. ಅದನ್ನು ಸೇರಿಸಿದರೂ ಇನ್ನೂರೈವತ್ತು ದಾಟುವುದು ಕಷ್ಟ.

ಇಷ್ಟೆಲ್ಲ ಆ ಹೆಂಗಸಿಗೆ ವಿವರಿಸಿದೆ. ಅವರು ನಕ್ಕರು. ‘ನಮ್ಮೂರಲ್ಲಿ ಇಷ್ಟು ದೂರಕ್ಕೆ ಇದಕ್ಕಿಂತ ಜಾಸ್ತಿಯೇ ಕೊಡುತ್ತೇನೆ, ಬಿಡು’ ಅಂದರು. ಆಫೀಸಿನವರೂ ಅದೇ ಮಾತು. ಕೊಟ್ಟವರಿಗೇ ಬೇಜಾರಿಲ್ಲ, ನಿನಗೇನು ಅಂತ. ನನಗಂತೂ ಸಮಾಧಾನ ಆಗಲಿಲ್ಲ. ನೀವೇನಂತೀರಿ?

ಮಾಟುಂಗಾ ರಾಯರು

ಬಿಟ್ಟುಬಿಡಿ ತಾಯಿ. ನಾನು ಈ ಊರಿನಲ್ಲಿ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಯ ಕಾಲದಿಂದ ಇದ್ದೇನೆ. ಆ ಗಾಡಿಗಳು 2023ರ ಅಕ್ಟೋಬರಿನಲ್ಲಿ ರಸ್ತೆಯಿಂದ ಪೂರ್ತಿ ಮಾಯವಾದವು. ಓಡಿಸುತ್ತಿದ್ದವರ ಬದುಕು ಮಾತ್ರ ಅಲ್ಲೇ ನಿಂತಿದೆ. ಗಾಡಿಯಲ್ಲೇ ಮಲಗಿ, ಗಾಡಿಯಲ್ಲೇ ಎದ್ದು, ಊರಿಗೆ ದುಡ್ಡು ಕಳಿಸುವ ಜನ. ಯೂರೋ ಎಣಿಸುವವರಿಂದ ಅಂಥವನಿಗೆ ಸಾವಿರ ರೂಪಾಯಿ ಜಾಸ್ತಿ ಹೋದರೆ ಯಾರ ಮನೆ ಮುಳುಗಿತು?

ಇನ್ನೊಂದು ಮಾತು. ಸರ್ಕಾರವೇ ಹಾಗೆ ಮಾಡುತ್ತದೆ ಅಲ್ವಾ? ಘಾರಾಪುರಿ (ಎಲಿಫೆಂಟಾ) ದ್ವೀಪದ ಗುಹೆ ನೋಡಲು ನಮಗೆ 40 ರೂಪಾಯಿ ಟಿಕೆಟ್, ವಿದೇಶಿಯರಿಗೆ 600. ಹದಿನೈದು ಪಟ್ಟು! ಟ್ಯಾಕ್ಸಿಯವನು ಒಂಬತ್ತೇ ಪಟ್ಟು ತೆಗೆದುಕೊಂಡಿದ್ದಾನೆ. ಸರ್ಕಾರಕ್ಕಿಂತ ಅವನೇ ವಾಸಿ.

ಚೆಂಬೂರು ಚಕ್ಲಿ

ರಾಯರೇ, ಲೆಕ್ಕ ಚೆನ್ನಾಗಿದೆ. 😄 ಆದರೆ ಘಾರಾಪುರಿಯಲ್ಲಿ 600 ಅಂತ ಬೋರ್ಡ್ ಇದೆ. ದೋಣಿ ಹತ್ತುವ ಮೊದಲೇ ಗೊತ್ತಿರುತ್ತದೆ. ದುಬಾರಿ ಅನಿಸಿದರೆ ಹೋಗುವುದಿಲ್ಲ, ಅಷ್ಟೇ. ನೇಪಾಳ, ಶ್ರೀಲಂಕಾ, ಬಾಂಗ್ಲಾ, ಥಾಯ್ಲೆಂಡ್ ಕಡೆಯವರಿಗೆ ನಮ್ಮ ದರವೇ ಅಂತಲೂ ನಿಯಮ ಇದೆ. ಕೊಟ್ಟ ದುಡ್ಡಿಗೆ ಟಿಕೆಟ್ ಸಿಗುತ್ತದೆ. ಆ ನಿಯಮ ಸರಿಯೋ ತಪ್ಪೋ, ಅದು ಬೇರೆ ಜಗಳ.

ಟ್ಯಾಕ್ಸಿಯವನ ದರ ಎಲ್ಲಿ ಬರೆದಿದೆ? ಚರ್ಮದ ಬಣ್ಣ ನೋಡಿದ, ಸೂಟ್‌ಕೇಸ್ ನೋಡಿದ, ಹೇಳಿದ. ಮೀಟರ್ ಕೆಟ್ಟಿದೆ ಅಂದ. ಕೇಳಿದವರಿಗೆ ನಿಜವಾದ ದರ ಗೊತ್ತಿಲ್ಲ ಅನ್ನುವುದೇ ಅವನ ಬಂಡವಾಳ. ಗೊತ್ತಿದ್ದೂ ಖುಷಿಯಿಂದ ಕೊಟ್ಟರೆ ಅದು ಟಿಪ್ಸ್. ಗೊತ್ತಿಲ್ಲದವರಿಂದ ಕಿತ್ತರೆ ಟೋಪಿ. ಡೊಂಬಿವಲಿಯವರ ಜರ್ಮನ್ ಮೇಡಂ ನಕ್ಕಿದ್ದು ದುಡ್ಡು ಹೋದ ಮೇಲೆ. ಮೊದಲೇ ‘ಮೀಟರ್ ಪ್ರಕಾರ 200, ನನಗೆ 1,800 ಕೊಡಿ’ ಅಂದಿದ್ದರೆ ಕೊಡುತ್ತಿದ್ದರಾ?

ಥಾಣೆ ಧಾರವಾಡ

ವಿದೇಶಿಯರು ಅಂತ ಯಾಕೆ ಹೇಳ್ತೀರಿ? ನಮ್ಮ ಅಪ್ಪ ಅವ್ವ ಹುಬ್ಬಳ್ಳಿಯಿಂದ ಬೆಳಗಿನ ಟ್ರೇನಿಗೆ ಬಂದು ದಾದರಿನಲ್ಲಿ ಇಳಿದರೆ ಅವರಿಗೂ ಅದೇ ದರ. ಧೋತ್ರ, ಟೋಪಿಗೆ, ಕೈಯಲ್ಲಿರುವ ರೊಟ್ಟಿ ಗಂಟಿಗೆ ಒಂದು ರೇಟು. ಹಿಂದಿ ತಡವರಿಸಿದರೆ ಇನ್ನೊಂದು ರೇಟು. ಮುಂಬೈಗೆ ಹೊಸಬರಾದ ಎಲ್ಲರೂ ಅವರ ಪಾಲಿಗೆ ವಿದೇಶಿಯರೇ. ರಾಯರೇ, ನಮ್ಮ ಅವ್ವ ಯೂರೋ ಎಣಿಸುವವಳಲ್ಲ.

ಮಾಟುಂಗಾ ರಾಯರು

ಅದು ತಪ್ಪೇ. ಅದನ್ನು ನಾನು ಸಮರ್ಥಿಸಲಿಲ್ಲ.

ಥಾಣೆ ಧಾರವಾಡ

ಇಬ್ಬರಿಗೂ ಡ್ರೈವರ್ ಅವನೇ ಅಲ್ವಾ? ಜರ್ಮನಿಯವರ ಮೇಲೆ ಕಲಿತ ವಿದ್ಯೆಯನ್ನು ಹುಬ್ಬಳ್ಳಿಯವರ ಮೇಲೆ ಬಳಸುವುದಿಲ್ಲ ಅಂತ ಅವನೇನು ಆಣೆ ಮಾಡಿದ್ದಾನಾ?

ಪರೇಲ್ ಸಿಸ್ಟರ್

ರಾತ್ರಿ ಪಾಳಿ ಮುಗಿಸಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ಕ್ಷಮಿಸಿ. ಇಲ್ಲಿ ಎಲ್ಲರೂ ವಿದೇಶಿ ಅಂದರೆ ಟೂರಿಸ್ಟ್ ಅಂತಲೇ ಮಾತಾಡುತ್ತಿದ್ದೀರಿ. ನಮ್ಮ ಪರೇಲ್ ಕಡೆ ಬರುವ ವಿದೇಶಿಯರನ್ನು ನೋಡಿ. ಕೀನ್ಯಾ, ತಾಂಜಾನಿಯಾ, ಯೆಮನ್, ಬಾಂಗ್ಲಾದೇಶ. ಕ್ಯಾನ್ಸರ್ ಚಿಕಿತ್ಸೆಗೆ ಜಮೀನು ಮಾರಿ ಬಂದವರೂ ಇರುತ್ತಾರೆ. ರೋಗಿಯ ಜೊತೆ ಒಬ್ಬ ಅಣ್ಣನೋ ಮಗನೋ. ಇಂಗ್ಲಿಷು ಅಷ್ಟಕ್ಕಷ್ಟೇ. ಹಿಂದಿ ಮೊದಲೇ ಇಲ್ಲ. ತಿಂಗಳುಗಟ್ಟಲೆ ಇಲ್ಲೇ ಲಾಡ್ಜ್ ಹಿಡಿದು ಇರಬೇಕು. ದಿನಾ ಆಸ್ಪತ್ರೆಗೆ ಬಂದು ಹೋಗಬೇಕು.

ಅವರಿಗೆ ಆಗುವುದು ಒಂದು ಸಲದ 1,800 ಅಲ್ಲ. ಐವತ್ತು ರೂಪಾಯಿ ದಾರಿಗೆ ದಿನಾ ಮುನ್ನೂರು. ಕೀಮೋ ಮುಗಿಸಿ ವಾಂತಿ ಬರುತ್ತಿರುವ ಮನುಷ್ಯನನ್ನು ಹಿಡಿದುಕೊಂಡು ಯಾರು ಚೌಕಾಸಿ ಮಾಡುತ್ತಾರೆ? ಮಳೆಗಾಲದಲ್ಲಿ ಕೇಳುವುದೇ ಬೇಡ. ನೋಟು ಬದಲಾಯಿಸುವ ಆಟವೂ ಇದೆ. ಐನೂರರ ನೋಟು ಕೊಟ್ಟರೆ ಕ್ಷಣದಲ್ಲಿ ನೂರರ ನೋಟು ತೋರಿಸಿ ‘ನೀವು ಕೊಟ್ಟಿದ್ದು ಇದು’ ಅನ್ನುವುದು. ನಮ್ಮ ನೋಟಿನ ಬಣ್ಣ ಅವರಿಗೆ ಇನ್ನೂ ಹಿಡಿದಿರುವುದಿಲ್ಲ.

ನಮ್ಮ ವಾರ್ಡಿನಲ್ಲಿ ನಾವೇ ಒಂದು ಕೆಲಸ ಮಾಡುತ್ತೇವೆ. ಹೊಸ ರೋಗಿಯ ಕಡೆಯವರು ಬಂದರೆ ಲಾಡ್ಜಿನಿಂದ ಆಸ್ಪತ್ರೆಗೆ ಮೀಟರಿನಲ್ಲಿ ಎಷ್ಟಾಗುತ್ತದೆ ಅಂತ ಚೀಟಿಯಲ್ಲಿ ಬರೆದು ಕೊಡುತ್ತೇವೆ. ಚೀಟಿ ಕೈಯಲ್ಲಿ ಕಂಡರೆ ಸಾಕು, ಬಹಳ ಡ್ರೈವರುಗಳು ಮಾತಿಲ್ಲದೆ ಮೀಟರ್ ಹಾಕುತ್ತಾರೆ. ಹಾಕದವರೂ ಇದ್ದಾರೆ.

ಸಯನ್ ಸರ್ಕಲ್

ಎಲ್ಲಾ ಆ ಕಡೆಯಿಂದ ಬಂದ ಡ್ರೈವರುಗಳದ್ದೇ ಕಿತಾಪತಿ. ಮರಾಠಿ ಮಾತಾಡುವವರು ಹೀಗೆ ಮಾಡುವುದಿಲ್ಲ.

ನಿರ್ವಾಹಕ

ಡ್ರೈವರ್ ಯಾವ ರಾಜ್ಯದವ, ಯಾವ ಭಾಷೆಯವ ಅನ್ನುವ ಚರ್ಚೆ ಇಲ್ಲಿ ಬೇಡ. ನಾವೂ ಈ ಊರಿಗೆ ಹೊರಗಿನಿಂದ ಬಂದವರೇ. ಇದರ ಕೆಳಗೆ ಬಂದ ಉತ್ತರಗಳನ್ನು ತೆಗೆದಿದ್ದೇನೆ.

ಜತ್ ಗಾಡಿ

ನಮಸ್ಕಾರ ರೀ ಎಲ್ಲರಿಗೂ. ನಾನು ಜತ್ ತಾಲೂಕಿನವ. ಮನೆ ಮಾತು ಕನ್ನಡ. ಮುಂಬೈಯಲ್ಲಿ ಕಾಲಾಪೀಲಿ ಓಡಿಸುತ್ತೇನೆ. ಬೈಯುವುದಿದ್ದರೆ ಪೂರ್ತಿ ಓದಿ ಬೈಯಿರಿ.

1,800 ತೆಗೆದುಕೊಂಡಿದ್ದು ಲೂಟಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಎಲ್ಲಿಂದ ಹುಟ್ಟುತ್ತದೆ ಅಂತ ಹೇಳುತ್ತೇನೆ.

ನಮ್ಮಲ್ಲಿ ಬಹಳ ಮಂದಿಗೆ ಸ್ವಂತ ಗಾಡಿ ಇಲ್ಲ. ಪರ್ಮಿಟ್ ಒಬ್ಬನದು, ಓಡಿಸುವವ ಇನ್ನೊಬ್ಬ. ಪಾಳಿ ಲೆಕ್ಕದಲ್ಲಿ ಮಾಲೀಕನಿಗೆ ಇಷ್ಟು ಅಂತ ಕೊಡಲೇಬೇಕು. ಬಾಡಿಗೆ ಸಿಗಲಿ ಬಿಡಲಿ. ಸಿಎನ್‌ಜಿ ನಮ್ಮದೇ. ಪೊಲೀಸ್ ಚಲನ್ ನಮ್ಮದೇ. ಏರ್‌ಪೋರ್ಟಿನ ಸಾಲಿನಲ್ಲಿ ತಾಸುಗಟ್ಟಲೆ ನಿಂತು ನಮ್ಮ ಪಾಳಿ ಬಂದಾಗ ಪ್ಯಾಸೆಂಜರ್ ಬಂದು ಪಕ್ಕದ ‘ಮರೋಳ್’ ಅಂದರೆ ಎದೆ ಧಸಕ್ ಅನ್ನುತ್ತದೆ. ಮೀಟರಿಗೆ ಬರುವುದು ಐವತ್ತೋ ಅರವತ್ತೋ. ಕಾಯ್ದ ಹೊತ್ತಿಗೆ ಯಾರೂ ಕೊಡುವುದಿಲ್ಲ. ಅದಕ್ಕೇ ಹತ್ತಿರದವರನ್ನು ಬೇಡ ಅನ್ನುತ್ತಾರೆ, ದೂರದವರಿಗೆ ಜಾಸ್ತಿ ಹೇಳುತ್ತಾರೆ. ತಪ್ಪು ಹೌದು. ಆದರೆ ಆ ಹತ್ತಿರದ ಬಾಡಿಗೆಯ ನಷ್ಟವನ್ನು ಯಾರು ತುಂಬಬೇಕು ಅಂತ ಯಾರೂ ಕೇಳುವುದಿಲ್ಲ.

ಇನ್ನೊಂದು. ದೊಡ್ಡ ಹೋಟೆಲಿನ ಟ್ರಾವೆಲ್ ಡೆಸ್ಕಿನವರು ಅದೇ ಬಿಕೆಸಿಗೆ ಬಿಳಿ ಕಾರು ಕಳಿಸಿ ಎಷ್ಟು ಬಿಲ್ ಹಾಕುತ್ತಾರೆ, ಯಾರಾದರೂ ಕೇಳಿದ್ದೀರಾ? ಡೊಂಬಿವಲಿ ತಂಗೀ, ನಿಮ್ಮ ಆಫೀಸಿಗೆ ಬಂದ ಬಿಲ್ ತೆಗೆದು ನೋಡಿ. ಕೋಟು ಹಾಕಿಕೊಂಡವ ತಗೊಂಡರೆ ಅದು ಸರ್ವಿಸು. ನಾವು ತಗೊಂಡರೆ ಕಳ್ಳತನ.

ಜನರಿಗೆ ಗೊತ್ತಿಲ್ಲದ ಸಂಗತಿ ಒಂದಿದೆ. ನೀಲಿ ಬಣ್ಣದ ಕೂಲ್ ಕ್ಯಾಬಿಗೆ ಸರ್ಕಾರದ ದರವೇ ಜಾಸ್ತಿ, ಶುರುವೇ 48 ರೂಪಾಯಿ. ಅದರಲ್ಲಿ ಕೂತು ಕಾಲಾಪೀಲಿ ಲೆಕ್ಕ ಹಾಕಿ ನಮ್ಮನ್ನು ಕಳ್ಳ ಅನ್ನಬೇಡಿ. ಆಟೋದವರು ಬಾಂದ್ರಾ, ಸಯನ್ ದಾಟಿ ದಕ್ಷಿಣಕ್ಕೆ ಬರುವ ಹಾಗಿಲ್ಲ. ಅವನು ಬಾಂದ್ರಾದಲ್ಲೇ ಇಳಿಸಿದರೆ ಅದು ಮೋಸ ಅಲ್ಲ, ಕಾನೂನು.

ಚೆಂಬೂರು ಚಕ್ಲಿ

ಜತ್ ಅಣ್ಣಾ, ಕೂಲ್ ಕ್ಯಾಬಿನ ಮಾತು ಒಪ್ಪಿದೆ. ಹೋಟೆಲ್ ಕಾರಿನ ಮಾತೂ ಅರ್ಧ ಒಪ್ಪಿದೆ. ಅರ್ಧ ಯಾಕೆಂದರೆ ಅಲ್ಲಿ ಹತ್ತುವ ಮೊದಲು ದರ ಹೇಳುತ್ತಾರೆ. ಬೇಡ ಅನ್ನುವ ಅವಕಾಶ ಇದೆ. ನಿಮ್ಮವರು ದರ ಹೇಳುವುದು ಇಳಿಯುವಾಗ, ಡಿಕ್ಕಿಯಲ್ಲಿ ಬ್ಯಾಗು ಇಟ್ಟುಕೊಂಡು.

ಜತ್ ಗಾಡಿ

ಬ್ಯಾಗ್ ಹಿಡಿದಿಡುವವರಿಗೆ ನಾನೂ ಚಪ್ಪಲಿಯಲ್ಲಿ ಹೊಡೆಯುತ್ತೇನೆ. ಅಂಥವರಿಂದಲೇ ಜನ ನಮ್ಮನ್ನು ಬಿಟ್ಟು ಆ್ಯಪ್ ಗಾಡಿಗೆ ಹೋದರು.

ಕಾಪು ಕಡಲು

ಫೋರ್ಟಿನಲ್ಲಿ ನಮ್ಮ ಹೋಟೆಲ್ ಇದೆ. ಇಡ್ಲಿ ವಡೆಯ ಸಾದಾ ಉಡುಪಿ ಹೋಟೆಲ್. ವಿದೇಶದವರು ಬಹಳ ಬರುತ್ತಾರೆ. ನಮ್ಮ ಗೋಡೆ ಮೇಲೆ ದರಪಟ್ಟಿ ಇದೆ. ಕೂಲಿಯವನಿಗೂ ಕಲೆಕ್ಟರಿಗೂ ಅದೇ ಕಾಫಿ, ಅದೇ ದುಡ್ಡು. ನಮ್ಮ ಅಪ್ಪನ ಕಾಲದಿಂದ ಹಾಗೇ ನಡೆದಿದೆ. ಬಿಳಿಯರು ಬಂದರು ಅಂತ ದೋಸೆಗೆ ಇಮ್ಮಡಿ ಹಾಕಿದ್ದರೆ ಇಷ್ಟು ವರ್ಷ ಅಂಗಡಿ ನಿಲ್ಲುತ್ತಿತ್ತಾ? ಒಂದು ದಿನ ಲಾಭ ಆಗುತ್ತಿತ್ತು. ಮರುದಿನ ಅವರು ಇನ್ನೊಬ್ಬರಿಗೆ ಹೇಳುತ್ತಿದ್ದರು.

ಟ್ಯಾಕ್ಸಿಯ ತೊಂದರೆ ಇದೇ. ಒಮ್ಮೆ ಇಳಿಸಿದ ಗಿರಾಕಿ ಮತ್ತೆ ಸಿಗುವುದಿಲ್ಲ. ಹೆಸರು ಕೆಟ್ಟರೆ ಅವನೊಬ್ಬನ ಹೆಸರಲ್ಲ, ಊರಿನ ಹೆಸರು. ಹಾಗಾಗಿ ಅವನಿಗೆ ಭಯ ಇಲ್ಲ.

ಚೆಂಬೂರು ಚಕ್ಲಿ

ನಾನು ಗೇಟ್‌ವೇ ಹತ್ತಿರ ಕೆಲಸ ಮಾಡುತ್ತೇನೆ. ಸಂಜೆ ಸಿಎಸ್‌ಎಂಟಿ ರೈಲ್ವೆ ಸ್ಟೇಶನ್ನಿಗೆ 500 ಹೇಳುವುದು ಕಿವಿಗೆ ಬೀಳುತ್ತಲೇ ಇರುತ್ತದೆ. ಮೀಟರಿನಲ್ಲಿ ಐವತ್ತರ ಸುತ್ತ ಆಗುವ ದಾರಿ. ನಾನು ನಿಂತು ‘ಫಿಫ್ಟಿ, ಸಿಕ್ಸ್‌ಟಿ ರುಪೀಸ್, ಆಸ್ಕ್ ಫಾರ್ ಮೀಟರ್’ ಅಂತ ಹೇಳಿಬಿಡುತ್ತೇನೆ. ಡ್ರೈವರ್ ‘ನಿನ್ನಪ್ಪನ ಗಂಟೇನು ಹೋಗುತ್ತೆ’ ಅನ್ನುವ ಥರ ಹಿಂದಿಯಲ್ಲಿ ಬೈಯುತ್ತಾನೆ. ಬೈಯಲಿ. ಇಲ್ಲಿ ಯಾರಾದರೂ ಹೀಗೆ ನಡುವೆ ಬಾಯಿ ಹಾಕುತ್ತೀರಾ?

ಥಾಣೆ ಧಾರವಾಡ

ಹಾಕುವುದಿಲ್ಲ. ಕತ್ತಲಾದ ಮೇಲಂತೂ ನೀವೂ ಹಾಕಬೇಡಿ. ನಾಲ್ಕು ಜನ ಸೇರಿದರೆ ಬಿಡಿಸಲು ಟೂರಿಸ್ಟ್ ಬರುವುದಿಲ್ಲ.

ಮಾಟುಂಗಾ ರಾಯರು

ಮಗಳೇ, ಒಳ್ಳೆಯದನ್ನೇ ಮಾಡುತ್ತೀ. ಆದರೆ ಅವನ ಮುಂದೆಯೇ ಹೇಳಿ ಅವನ ಮಾನ ಕಳೆಯಬೇಡ. ಆ ವಿದೇಶಿಯರನ್ನು ನಾಲ್ಕು ಹೆಜ್ಜೆ ಆಚೆ ಕರೆದು ಹೇಳು. ಎರಡಕ್ಕೂ ಫಲ ಒಂದೇ, ಜಗಳ ಕಡಿಮೆ.

ವಾಸ್ಕೋ ವಿಠ್ಠಲ

ಗೋವಾದಿಂದ ಒಂದು ಮಾತು. ನಿಮಗೆ ಮೀಟರ್ ಅಂತ ಒಂದು ಇದೆಯಲ್ಲ, ಅದಕ್ಕೇ ಕೈ ಮುಗಿಯಿರಿ. ನಮ್ಮಲ್ಲಿ ಓಲಾ, ಊಬರ್ ಕಾಲಿಡಲು ಬಿಟ್ಟಿಲ್ಲ. 2018ರಲ್ಲಿ ಗೋವಾಮೈಲ್ಸ್ ಅನ್ನುವ ಆ್ಯಪ್ ಬಂತು, ಅದಕ್ಕೂ ಟ್ಯಾಕ್ಸಿಯವರ ವಿರೋಧ ಇವತ್ತಿಗೂ ನಿಂತಿಲ್ಲ. 2023ರ ಜನವರಿಯಲ್ಲಿ ಮೋಪಾ ಏರ್‌ಪೋರ್ಟ್ ಶುರುವಾಯಿತು. ರಾಜ್ಯದ ಉತ್ತರ ತುದಿ. ಅಲ್ಲಿ ಇಳಿದು ದಕ್ಷಿಣದ ಕಾಣಕೋಣಕ್ಕೆ ಹೋಗಬೇಕಾದವರ ಜೇಬು ನೆನೆದರೆ ಅಯ್ಯೋ ಅನಿಸುತ್ತದೆ.

ಆದರೆ ಒಂದು ವಿಚಿತ್ರ ನೋಡಿ. ನಮ್ಮ ಬೀಚ್ ಕಡೆಯ ಸ್ಟ್ಯಾಂಡುಗಳಲ್ಲಿ ದರದ ಬೋರ್ಡ್ ಹಾಕಿರುತ್ತಾರೆ. ದರ ಜಾಸ್ತಿಯೇ. ಆದರೂ ಬೋರ್ಡ್ ಇರುವ ಕಡೆ ಜಗಳ ಕಡಿಮೆ. ರಷ್ಯಾದವರು, ಬ್ರಿಟನ್ನಿನವರು ಬೋರ್ಡ್ ನೋಡುತ್ತಾರೆ, ಮುಖ ಸಿಂಡರಿಸುತ್ತಾರೆ, ಹತ್ತುತ್ತಾರೆ. ಮೋಸ ಹೋದೆ ಅಂತ ಹಾರಾಡುವುದಿಲ್ಲ. ಹಾರಾಡುವವರು ಬೆಂಗಳೂರಿನ ನಮ್ಮವರೇ. 😀

ಕಾಂದಿವಲಿ ಕಾಕಾ

ನನ್ನ ಮಗ ಅಮೆರಿಕದಲ್ಲಿದ್ದಾನೆ. ನ್ಯೂಯಾರ್ಕಿನ ಜೆಎಫ್‌ಕೆ ಏರ್‌ಪೋರ್ಟಿನಿಂದ ಮ್ಯಾನ್‌ಹಟನ್‌ಗೆ ಹಳದಿ ಟ್ಯಾಕ್ಸಿಗೆ ಒಂದೇ ದರ, 70 ಡಾಲರ್. ಮೇಲೆ ಟೋಲ್, ಸಣ್ಣಪುಟ್ಟ ಸರ್ಚಾರ್ಜು. ಮ್ಯಾನ್‌ಹಟನ್ನಿನ ಯಾವ ಮೂಲೆಯಾದರೂ ಅದೇ. ಸುತ್ತು ಹಾಕಿಸಿದರೆ ಡ್ರೈವರಿಗೇ ನಷ್ಟ. ಇಲ್ಲಿ ಯಾಕೆ ಆಗುವುದಿಲ್ಲ?

ಜತ್ ಗಾಡಿ

ಕಾಕಾ, ಇಲ್ಲಿ ಪ್ರೀಪೇಯ್ಡ್ ಕೌಂಟರ್ ಇದೆಯಲ್ಲ ರೀ. ಏರ್‌ಪೋರ್ಟಿನಲ್ಲೂ ಇದೆ. ಮೀಟರಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ದುಡ್ಡು ಮೊದಲೇ ನಿಗದಿ. ನಮಗೂ ತಲೆನೋವಿಲ್ಲ. ತೊಂದರೆ ಏನೆಂದರೆ, ಹೊರಗೆ ಬಂದ ಪ್ಯಾಸೆಂಜರಿಗೆ ಕೌಂಟರ್ ಕಾಣುವ ಮೊದಲೇ ದಲ್ಲಾಳಿ ಕಾಣುತ್ತಾನೆ. ‘ಟ್ಯಾಕ್ಸಿ ಸರ್, ಟ್ಯಾಕ್ಸಿ ಮೇಡಂ’ ಅನ್ನುತ್ತ ಸೂಟ್‌ಕೇಸ್ ಎಳೆದುಕೊಂಡು ಹೋಗುತ್ತಾನಲ್ಲ, ಅವನು ಡ್ರೈವರೇ ಅಲ್ಲ. 1,800ರಲ್ಲಿ ಅವನ ಪಾಲು ದೊಡ್ಡದು. ನೀವೆಲ್ಲ ಡ್ರೈವರನ್ನು ಬೈಯುತ್ತೀರಿ. ದಲ್ಲಾಳಿಯ ಹೆಸರೇ ಇಲ್ಲಿವರೆಗೆ ಯಾರೂ ಎತ್ತಲಿಲ್ಲ.

ಡೊಂಬಿವಲಿ ಲೋಕಲ್

ಜತ್ ಅಣ್ಣ ಹೇಳಿದ್ದು ಸರಿ ಇರಬೇಕು. ಮೇಡಂ ಅವರನ್ನು ಕೇಳಿದೆ. ‘ಒಳಗಿನಿಂದಲೇ ಒಬ್ಬ ಹುಡುಗ ಜೊತೆಗೆ ಬಂದ, ಬಹಳ ಮರ್ಯಾದಸ್ಥ’ ಅಂದರು. ಗಾಡಿಯಲ್ಲಿ ಮೀಟರ್ ಇತ್ತಾ ಅಂದರೆ, ಟವೆಲ್ ಮುಚ್ಚಿತ್ತಂತೆ. ವಾಶಿ ಟೋಲ್ ಅಂತಲೂ ಅದರಲ್ಲಿ ಸೇರಿಸಿದ್ದಾನೆ!

ಥಾಣೆ ಧಾರವಾಡ

ವಾಶಿ ಟೋಲಾ? ಸಹಾರ್ ಏರ್‌ಪೋರ್ಟಿನಿಂದ ಬಿಕೆಸಿಗೆ ಹೋಗಲು ವಾಶಿಯ ಕಡಲ ಖಾಡಿ ಯಾಕೆ ದಾಟಬೇಕು? ಅದೂ ಅಲ್ಲದೆ ವಾಶಿ, ಐರೋಲಿ, ಮುಲುಂಡದ ಎರಡು, ದಹಿಸರ್, ಈ ಐದೂ ನಾಕಾಗಳಲ್ಲಿ ಕಾರುಗಳಿಗೆ 2024ರ ಅಕ್ಟೋಬರಿನಿಂದ ಟೋಲೇ ಇಲ್ಲ. ಇಲ್ಲದ ದಾರಿಯ ಇಲ್ಲದ ಟೋಲು. ಭೇಷ್.

ಕಾಪು ಕಡಲು

ಕೊಟ್ಟವನು ಕೋಡಂಗಿ, ಇಸ್ಕೊಂಡವನು ವೀರಭದ್ರ ಅಂತ ಸುಮ್ನೆ ಹೇಳಿದ್ದಲ್ಲ.

ಪರೇಲ್ ಸಿಸ್ಟರ್

ಡೊಂಬಿವಲಿಯವರೇ, ಸಾಮಾನು ಕಡಿಮೆ ಇರುವವರಿಗೆ ಮೆಟ್ರೋ ಹೇಳಿ. ಆಕ್ವಾ ಲೈನ್ 2025ರ ಅಕ್ಟೋಬರಿನಿಂದ ಆರೆಯಿಂದ ಕಫ್ ಪರೇಡ್‌ವರೆಗೆ ಪೂರ್ತಿ ಓಡುತ್ತಿದೆ. ಟಿ-1, ಟಿ-2 ಎರಡಕ್ಕೂ ಸ್ಟೇಶನ್ ಇದೆ. ಅದೇ ಲೈನಿನಲ್ಲಿ ನಿಮ್ಮ ಬಿಕೆಸಿ ಇದೆ, ಸಿಎಸ್‌ಎಂಟಿ ಇದೆ, ಚರ್ಚ್‌ಗೇಟ್ ಇದೆ. ಈ ತುದಿಯಿಂದ ಆ ತುದಿಗೆ ಹೋದರೂ 70 ರೂಪಾಯಿ. ಮಷೀನಿಗೆ ಮುಖ ನೋಡಿ ರೇಟು ಹೇಳಲು ಬರುವುದಿಲ್ಲ. ಆದರೆ ನಡುರಾತ್ರಿ ಇಳಿಯುವ ವಿಮಾನಗಳಿಗೆ ಅದು ಉಪಯೋಗಕ್ಕೆ ಬಾರದು. ನಮ್ಮ ರೋಗಿಗಳು ಬರುವುದು ಬಹಳ ಸಲ ಅದೇ ಹೊತ್ತಿಗೆ.

ಕಾಂದಿವಲಿ ಕಾಕಾ

ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ 1363 ಇದೆ. ಹಗಲು ರಾತ್ರಿ ನಡೆಯುತ್ತದೆ. ಹಿಂದಿ, ಇಂಗ್ಲಿಷ್ ಬಿಟ್ಟು ಜರ್ಮನ್, ಅರಬ್ಬಿ, ರಷ್ಯನ್ ಥರದ ಹತ್ತು ಭಾಷೆಯಲ್ಲೂ ಮಾತಾಡುತ್ತಾರೆ. ಬ್ಯಾಗ್ ಹಿಡಿದಿಟ್ಟರೆ, ಹೆದರಿಸಿದರೆ ಮಾತ್ರ ಸೀದಾ 112.

ಸಯನ್ ಸರ್ಕಲ್

ಮೇಲಿನ ನನ್ನ ಮಾತು ತೆಗೆಯದೆ ಬಿಟ್ಟಿದ್ದೀರಿ, ಇರಲಿ. ನನ್ನ ಪ್ರಶ್ನೆ: ಕಂಪ್ಲೇಂಟ್ ಕೊಟ್ಟು ಏನಾದರೂ ಆಗಿದೆಯಾ? ಟೂರಿಸ್ಟ್ ಮೂರು ದಿನಕ್ಕೆ ಬಂದಿರುತ್ತಾನೆ. ಆರ್‌ಟಿಒ ಕರೆಯುವ ಹೊತ್ತಿಗೆ ಅವನು ಜೈಪುರದಲ್ಲಿರುತ್ತಾನೆ.

ಚೆಂಬೂರು ಚಕ್ಲಿ

ಇದೊಂದು ಒಳ್ಳೆಯ ಪ್ರಶ್ನೆ ಕೇಳಿದಿರಿ. ಅದಕ್ಕೇ ಇಲ್ಲಿರುವವರು ಗಾಡಿ ನಂಬರಿನ ಫೋಟೋ ತೆಗೆದು ಕಂಪ್ಲೇಂಟ್ ಕೊಡಬೇಕು. ಹೋಟೆಲಿನವರು, ಆಫೀಸಿನವರು, ನಮ್ಮಂಥವರು. ಒಂದೇ ನಂಬರಿನ ಮೇಲೆ ನಾಲ್ಕು ಅರ್ಜಿ ಬಂದರೆ ಅಷ್ಟು ಸುಲಭಕ್ಕೆ ಮೂಲೆಗೆ ಎಸೆಯಲು ಆಗುವುದಿಲ್ಲ. ‘ನಮಗೇನು’ ಅಂತ ಬಿಟ್ಟರೆ ಕಂಪ್ಲೇಂಟ್ ಕೊಡುವವರೇ ಇರುವುದಿಲ್ಲ.

ಮಾಟುಂಗಾ ರಾಯರು

ಇಷ್ಟು ಓದಿದ ಮೇಲೂ ನನ್ನದು ಒಂದು ಮಾತು. ಆ ದಲ್ಲಾಳಿಯನ್ನು ಹಿಡಿಯಿರಿ, ನಾನೂ ನಿಮ್ಮ ಜೊತೆ. ಪರೇಲಿನ ರೋಗಿಗಳಿಂದ ಕಿತ್ತರೆ ಅದು ಪಾಪ. ಆದರೆ ಗೇಟ್‌ವೇಯಲ್ಲಿ ಕ್ಯಾಮೆರಾ ತೂಗುಹಾಕಿಕೊಂಡವನು ಐವತ್ತಕ್ಕೆ ನೂರು ಕೊಟ್ಟರೆ ಅರ್ಜಿ ಗುಜರಾಯಿಸಲು ನನ್ನ ಕೈ ಏಳುವುದಿಲ್ಲ. ಬೇಕಾದರೆ ಬೈಯಿರಿ.

ಪರೇಲ್ ಸಿಸ್ಟರ್

ಬೈಯುವುದಿಲ್ಲ ರಾಯರೇ. ಆದರೆ ಯಾರು ಕ್ಯಾಮೆರಾದವರು, ಯಾರು ಕೀಮೋದವರು ಅಂತ ಡ್ರೈವರ್ ಹೇಗೆ ಗುರುತಿಸುತ್ತಾನೆ? ಇಬ್ಬರಿಗೂ ಅದೇ ನೂರು ಕೇಳುತ್ತಾನೆ.

ಡೊಂಬಿವಲಿ ಲೋಕಲ್

ಎಲ್ಲರಿಗೂ ಥ್ಯಾಂಕ್ಸ್. ಸಿಸ್ಟರ್ ಹೇಳಿದ ಚೀಟಿಯ ಐಡಿಯಾ ಹಿಡಿಸಿತು. ನಮ್ಮಲ್ಲಿಗೆ ಬರುವವರಿಗೆ ವೀಸಾ ಪತ್ರದ ಜೊತೆಗೇ ಕಳಿಸಲು ಹೀಗೆ ಬರೆದಿದ್ದೇನೆ. ಇಂಗ್ಲಿಷಿಗೆ ಆಮೇಲೆ ಮಾಡುತ್ತೇನೆ, ಏನಾದರೂ ಬಿಟ್ಟಿದ್ದರೆ ಹೇಳಿ:

‘ಒಳಗೆ ಯಾರೇ ಬಂದು ಟ್ಯಾಕ್ಸಿ ಅಂದರೂ ಹಿಂದೆ ಹೋಗಬೇಡಿ. ಹಗಲಾದರೆ ಮೆಟ್ರೋ ಹಿಡಿಯಿರಿ. ಇಲ್ಲದಿದ್ದರೆ ಪ್ರೀಪೇಯ್ಡ್ ಕೌಂಟರಿನಲ್ಲಿ ದುಡ್ಡು ಕಟ್ಟಿ ಚೀಟಿ ಪಡೆಯಿರಿ. ಚೀಟಿಯಲ್ಲಿರುವ ಗಾಡಿ ನಂಬರ್ ನೋಡಿ ಹತ್ತಿ. ಹೋಟೆಲ್ ಮುಟ್ಟುವವರೆಗೆ ಚೀಟಿ ಡ್ರೈವರ್ ಕೈಗೆ ಕೊಡಬೇಡಿ. ಬೇರೆ ಕಡೆ ಓಡಾಡುವಾಗ ಮೀಟರ್ ಹಾಕಿಸಿ. 1.5 ಕಿಲೋಮೀಟರಿಗೆ 31, ಆಮೇಲೆ ಕಿಲೋಮೀಟರಿಗೆ ಸುಮಾರು 21. ರಾತ್ರಿ 12ರಿಂದ 5ರವರೆಗೆ ಕಾಲು ಭಾಗ ಜಾಸ್ತಿ. ನೀಲಿ ಎಸಿ ಟ್ಯಾಕ್ಸಿಗೆ ದರ ಬೇರೆ. ಖುಷಿಯಾದರೆ ಟಿಪ್ಸ್ ಕೊಡಿ.’

ಜತ್ ಗಾಡಿ

ಚಲೋ ಬರೆದಿದ್ದೀರಿ ತಂಗೀ. ಒಂದು ಸಾಲು ಸೇರಿಸಿ. ಹೋಟೆಲ್ ಮುಟ್ಟಿದ ಮೇಲೆ ಆ ಚೀಟಿಯನ್ನು ಡ್ರೈವರಿಗೆ ಮರೆಯದೆ ಕೊಡಿ ಅಂತ. ಅದನ್ನು ತೋರಿಸಿದರೇ ನಮಗೆ ದುಡ್ಡು. ಕೆಲವರು ನೆನಪಿಗೆ ಇರಲಿ ಅಂತ ಪಾಸ್‌ಪೋರ್ಟಿನೊಳಗೆ ಇಟ್ಟುಕೊಂಡು ಹೋಗಿಬಿಡುತ್ತಾರೆ.